ಆ ಮನೆ ಯಾರದು ಎಂದು ಕೇಳಿದಾಗ

ನನ್ನ ಬೀಗರಿಗೆ ಸ್ಪೇನ್ ದೇಶದಲ್ಲಿ ಒಂದು ಮನೆ ಇದೆ. ಬೀಗರು ಅಂದರೆ ನನ್ನ ಒಬ್ಬಳೇ ಮಗಳ ಮಾವ. ಮನೆ ದೊಡ್ಡದೇನಲ್ಲ. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಸಮುದ್ರದ ಕಡೆಗೆ ಒಂದು ಬಾಲ್ಕನಿ. ನಾನು ಅದನ್ನು ಕಣ್ಣಾರೆ ನೋಡಿಲ್ಲ. ಆದರೂ ಬಾಲ್ಕನಿಯ ನೆಲದ ಬಣ್ಣ, ಕಬ್ಬಿಣದ ಕಟಾಂಜನದ ನಮೂನೆ, ಬೆಳಗಿನ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ಎಂಬುದನ್ನೆಲ್ಲ ಹೇಳಬಲ್ಲೆ. ಅಷ್ಟು ಸಲ ನೋಡಿದ್ದೇನೆ, ಫೋನಿನಲ್ಲಿ, ಹಲ್ಲು ಕಚ್ಚಿಕೊಂಡು.

ಆ ಮನೆಯ ವಿಷಯದಲ್ಲಿ ನಾನು ಮಾಡಿದ ಕೆಲಸಕ್ಕೆ ಬೀಗರು ಹತ್ತು ಲಕ್ಷ ರೂಪಾಯಿ ದಂಡ ತೆರಬೇಕಾಗುತ್ತಿತ್ತು. ಆ ದುಡ್ಡು ಹೋಗುತ್ತಿದ್ದುದು ನನ್ನ ಮಗಳು ಸಂಸಾರ ಮಾಡುವ ಮನೆಯಿಂದಲೇ. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದೆ ಅನ್ನುವುದೂ ಪೂರ್ತಿ ನಿಜವಲ್ಲ. ಅದನ್ನೆಲ್ಲ ಇದ್ದ ಹಾಗೆ ಬರೆಯಬೇಕೆಂದು ಕೂತಿದ್ದೇನೆ.

ನಾವಿಬ್ಬರೂ ವಿಜಾಪುರದ ಕಡೆಯವರು, ಹೆಚ್ಚೂ ಕಡಿಮೆ ಒಂದೇ ವಯಸ್ಸಿನವರು. ನಾನು ಮ್ಯಾಟ್ರಿಕ್ ಮುಗಿಸಿ ಪುಣೆಗೆ ಬಂದು, ಲಕ್ಷ್ಮೀ ರಸ್ತೆಯ ಒಂದು ಸೀರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಮಡಿಚಿ, ಬಿಚ್ಚಿ ಮಡಿಚಿ ನಿವೃತ್ತನಾದವನು. ಬೀಗರೂ ಹೆಚ್ಚು ಓದಿದವರಲ್ಲ. ರಾಂಜಣಗಾಂವದ ಕಾರ್ಖಾನೆಗಳಿಗೆ ರಟ್ಟಿನ ಡಬ್ಬಿ ಪೂರೈಸುವ ಧಂದೆ ಮಾಡಿ ಮೇಲೆ ಬಂದವರು. ಪುಣೆಯ ಕೋಥರೂಡ ಬಡಾವಣೆಯಲ್ಲಿ ಅವರ ಸೊಸೈಟಿಗೂ, ಅಂದರೆ ಫ್ಲ್ಯಾಟುಗಳ ಕಟ್ಟಡಕ್ಕೂ, ನಮ್ಮ ಸೊಸೈಟಿಗೂ ನಡುವೆ ಒಂದು ಗಣಪತಿ ಗುಡಿ, ಒಂದು ಹಿಟ್ಟಿನ ಗಿರಣಿ, ಅಷ್ಟೇ. ಮಗಳನ್ನು ಇಷ್ಟು ಹತ್ತಿರ ಕೊಟ್ಟೆ ಎಂದು ಮದುವೆಯ ಹೊತ್ತಿಗೆ ಹಿಗ್ಗಿದ್ದೆ. ಹತ್ತಿರ ಇದ್ದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ ಎಂಬುದು ಆಮೇಲೆ ತಿಳಿಯಿತು.

ಹೆಣ್ಣು ಕೊಟ್ಟವನು ಅರ್ಧ ಮೆಟ್ಟಿಲು ಕೆಳಗೆ ನಿಲ್ಲಬೇಕು ಎಂಬುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದ ನಿಯಮ. ಬೀಗರು ಅದನ್ನು ಯಾವತ್ತೂ ನಡೆಸಲಿಲ್ಲ. ನಾನು ಹೋದರೆ ಎದ್ದು ನಿಲ್ಲುತ್ತಿದ್ದರು, ಊಟಕ್ಕೆ ಮೊದಲು ನನ್ನನ್ನೇ ಕೂಡಿಸುತ್ತಿದ್ದರು. ಒಳ್ಳೆಯ ಮನುಷ್ಯ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ, ಅದಕ್ಕೆ ಕಾರಣಗಳನ್ನು ನಾವೇ ಹುಡುಕಿಕೊಳ್ಳಬೇಕಾಗುತ್ತದೆ.

ಬೀಗರ ಅಣ್ಣ ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. ಮದುವೆಯಾಗಿರಲಿಲ್ಲ. ಕೆಲಸ ಬಿಟ್ಟ ಮೇಲೆ ಸ್ಪೇನಿನ ದಂಡೆಯ ಒಂದು ಸಣ್ಣ ಊರಿನಲ್ಲಿ ಮನೆ ಮಾಡಿಕೊಂಡಿದ್ದರು. ಅವರು ತೀರಿಕೊಂಡಾಗ ಮನೆ ತಮ್ಮನಿಗೆ ಬಂತು. ಬೀಗರು ಅಣ್ಣನ ಕಾರ್ಯ ಮಾಡಿ, ಕಾಗದಪತ್ರ ಮುಗಿಸಿ ಬಂದು, ಮನೆಯನ್ನು ಮಾರದೆ ರಜೆಗೆ ಹೋಗಿ ಇರಲು ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದರು. ಈ ಸುದ್ದಿ ಹೇಳಲು ಬಂದ ದಿನ ಅವರ ಕಣ್ಣು ತುಂಬಿತ್ತು. ಅಣ್ಣ ಹೋದದ್ದಕ್ಕೆ ನಾಲ್ಕು ಸಮಾಧಾನದ ಮಾತು ಹೇಳಬೇಕಾದ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಈ ಮನುಷ್ಯನಿಗೆ ಸಮುದ್ರ ಪುಕ್ಕಟೆ ಬಂತಲ್ಲ.

ಯಾಕೆಂದರೆ ನನಗೂ ಒಂದು ನೀರಿನ ದಂಡೆಯ ಮನೆ ಬೇಕಾಗಿತ್ತು. ಹರೆಯದಲ್ಲಿ ನಾನು ನನ್ನಾಕೆಯನ್ನು ಸ್ಕೂಟರಿನ ಮೇಲೆ ಕೂಡಿಸಿಕೊಂಡು ಪುಣೆಯ ಹತ್ತಿರದ ಪಾನಶೇತ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ಇಳಿಜಾರು ಜಾಗ ತೋರಿಸಿ, ಇಲ್ಲಿ ಪಡಸಾಲೆ, ಇಲ್ಲಿ ಕಿಡಕಿ ಎಂದು ಕಟ್ಟಿಗೆಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದೆ. ಅವಳು ಗೆರೆಯ ಒಳಗೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಆ ಜಾಗ ಕೊಳ್ಳುವುದು ಆಗಲೇ ಇಲ್ಲ. ಈಗ ಅಲ್ಲಿ ಯಾರದೋ ಬಂಗಲೆ ಇದೆ, ಗೇಟಿಗೆ ನಾಯಿ ಇದೆ.

ಬೀಗರು ಮತ್ತು ಬೀಗತಿ ಮೊದಲ ಸಲ ಅಲ್ಲಿಗೆ ರಜೆಗೆಂದು ಹೋದಾಗ ಮನೆಯವರ ವಾಟ್ಸಾಪ್ ಗುಂಪಿಗೆ ಚಿತ್ರಗಳು ಬರತೊಡಗಿದವು. ಬೀಗತಿ ಬಾಲ್ಕನಿಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಾರೆ, ಹಿಂದೆ ಸಮುದ್ರ. ಬೀಗರು ಬರೀ ಬನಿಯನ್ನಿನಲ್ಲಿ ನಿಂತು ಚಹಾ ಕುಡಿಯುತ್ತಿದ್ದಾರೆ, ಹಿಂದೆ ಸಮುದ್ರ. ಎಲ್ಲರೂ ಹೆಬ್ಬೆರಳು, ಹೂವು, ಹೃದಯ ಹಾಕಿದರು. ನಾನು ಏನೂ ಹಾಕಲಿಲ್ಲ. ನೋಡಿಯೇ ಇಲ್ಲ ಎನ್ನುವ ಹಾಗೆ ಎರಡು ದಿನ ಫೋನ್ ಮುಟ್ಟದೆ ಇರುವುದು, ಮೂರನೆಯ ದಿನ ಬಾಗಿಲು ಹಾಕಿಕೊಂಡು ಎಲ್ಲವನ್ನೂ ದೊಡ್ಡದು ಮಾಡಿ ನೋಡುವುದು.

ಫೋನಿನ ನಕಾಶೆಯಲ್ಲಿ ಆ ಊರನ್ನು ಹುಡುಕಿ ಇಟ್ಟುಕೊಂಡೆ. ಬೆರಳಿನಿಂದ ಅಲ್ಲಿಯ ದಂಡೆಯ ರಸ್ತೆಯಲ್ಲಿ ಅಡ್ಡಾಡುತ್ತಿದ್ದೆ. ಅಲ್ಲಿಯ ಹವಾಮಾನ ನೋಡುವುದು ಬೆಳಗಿನ ಅಭ್ಯಾಸವಾಯಿತು. ಬಿಸಿಲು ವಿಪರೀತ ಎಂದು ತೋರಿಸಿದ ದಿನ ನನಗೆ ಚಹಾ ರುಚಿಸುತ್ತಿತ್ತು. ಹಿತವಾದ ಗಾಳಿ ಎಂದು ತೋರಿಸಿದ ದಿನ ನನ್ನಾಕೆಯ ಅಡುಗೆಯಲ್ಲಿ ಉಪ್ಪು ಹೆಚ್ಚಾಗುತ್ತಿತ್ತು.

"ನಿಮಗ ಏನ್ ಆಗ್ಯದ?" ಅಂದಳು ಅವಳು ಒಂದು ದಿನ. "ಪುಣ್ಯಾದಾಗ ಕೂತು ಆ ಊರಿನ ಮಳಿ ಯಾಕ ನೋಡ್ತೀರಿ? ಅಲ್ಲೇನ್ ನಿಮ್ಮ ಹೊಲ ಅದ?"

"ಬೀಗರು ಹೋಗ್ಯಾರಲ್ಲ, ಕಾಳಜಿ," ಅಂದೆ.

"ಭಾಳ ಕಾಳಜಿ," ಅಂದು ಅವಳು ಒಳಗೆ ಹೋದಳು.

ಅವರು ತಿರುಗಿ ಬಂದಾಗ ನಮಗೆಂದು ಒಂದು ಸೀಸೆ ಆಲಿವ್ ಕಾಯಿ ತಂದಿದ್ದರು, ಉಪ್ಪುನೀರಿನಲ್ಲಿ ನೆನೆಸಿದ್ದು. ಅವರ ಎದುರಿಗೆ ಒಂದನ್ನು ಬಾಯಿಗೆ ಹಾಕಿಕೊಂಡು, "ಕಹಿ ಅದ ಅಲ್ರೀ ಬೀಗರ, ನಮ್ಮ ನಾಲಿಗಿಗೆ ಇದು ಹತ್ತೂದಿಲ್ಲ," ಅಂದೆ. ನನ್ನಾಕೆ ಗುಡಿಗೆ ಹೋದ ಸಂಜೆಗಳಲ್ಲಿ ಅಲಮಾರಿಯ ಎದುರಿಗೆ ನಿಂತುಕೊಂಡೇ ಆ ಸೀಸೆಯನ್ನು ಖಾಲಿ ಮಾಡಿದವನು ನಾನು.

ನನಗೆ ಸಮಾಧಾನ ಸಿಗುತ್ತಿದ್ದುದು ಒಂದೇ ವಿಷಯದಲ್ಲಿ: ಆ ಮನೆಯ ತೆರಿಗೆ. ಸೊಸೈಟಿಯಲ್ಲಿ ನಾನು ಬಹಳ ವರ್ಷ ಸೆಕ್ರೆಟರಿ. ಪುಣೆಯಲ್ಲಿ ಸ್ವಂತ ಮನೆಯಲ್ಲಿ ತಾನೇ ವಾಸವಾಗಿದ್ದರೆ ಘರಪಟ್ಟಿಯಲ್ಲಿ, ಅಂದರೆ ಮನೆಗಂದಾಯದಲ್ಲಿ, ಶೇಕಡಾ ನಲವತ್ತು ಸವಲತ್ತು ಇದೆ. ಅದಕ್ಕೆ ಅರ್ಜಿ ಕೊಡಬೇಕು. ನಮ್ಮ ಕಟ್ಟಡದ ಮುದುಕರದೆಲ್ಲ ಅರ್ಜಿ ತುಂಬಿ ವಾರ್ಡ್ ಆಫೀಸಿಗೆ ಮುಟ್ಟಿಸುವವನು ನಾನೇ. ಹೀಗಾಗಿ ಮನೆಯ ತೆರಿಗೆ ಎಂದರೆ ಬೀಗರು ನನ್ನ ಹತ್ತಿರವೇ ಬರುತ್ತಿದ್ದರು.

"ಬೀಗರ, ನೀವ ಹೇಳ್ರಿ," ಅಂದರು ಒಮ್ಮೆ, ನಮ್ಮ ಪಡಸಾಲೆಯಲ್ಲಿ ಕೂತು. "ಬಾರದ ಬಾಡಿಗಿಗೆ ಯಾರರ ತೆರಿಗಿ ಕೊಡ್ತಾರೇನು?"

"ಅಂದ್ರ?"

"ಅಲ್ಲಿ ಕಾಯ್ದೆ ಹಂಗ ಅದ ಅಂತ. ನಾವು ಪರದೇಶದವರು. ಮನಿ ಬಾಡಿಗಿ ಕೊಡದ ಹಂಗ ನಮ್ಮ ಸಲುವಾಗಿ ಇಟ್ಕೊಂಡ್ರ, ಅದರಿಂದ ಇಷ್ಟು ಉತ್ಪನ್ನ ಬಂತು ಅಂತ ಅವರ ಒಂದು ಲೆಕ್ಕಾ ಹಿಡಿತಾರ. ಅದರ ಮ್ಯಾಲ ತೆರಿಗಿ. ಬಂದಿಲ್ಲಪ್ಪಾ ಅಂದ್ರ ಕೇಳೂದಿಲ್ಲ."

"ಇಲ್ಲಿ ಸ್ವಂತ ಇದ್ರ ಸವಲತ್ತು ಕೊಡ್ತಾರ, ಅಲ್ಲಿ ಸ್ವಂತ ಇಟ್ಕೊಂಡ್ರ ಹಚ್ಚತಾರ," ಅಂದೆ.

"ಅದನ್ನ ಹೇಳಿದ್ನಿ ನಾನೂ. ನಮ್ಮ ಕೋಥರೂಡಕ್ಕ ಬಂದು ನೋಡ್ರಿ ಅಂದೆ. ಅಲ್ಲಿ ವಕೀಲಗ ಕೋಥರೂಡ ಅಂದ್ರ ಏನು ತಿಳಿಬೇಕು."

ಅವರು ನಕ್ಕರು. ನಾನೂ ನಕ್ಕೆ, ಆದರೆ ನನ್ನ ನಗು ಬೇರೆಯದು. ಮತ್ತೇನಾದರೂ ಇದೆಯೇ ಎಂದು ಒಂದೊಂದಾಗಿ ಕೇಳಿದೆ. ಊರಿನ ಮನೆಗಂದಾಯ ಬೇರೆ. ಕಸ ಒಯ್ಯುವುದಕ್ಕೆ ಬೇರೆ. ಅಣ್ಣನಿಂದ ಹೆಸರಿಗೆ ಬರುವಾಗ ಕೊಟ್ಟದ್ದು ಬೇರೆ. ಕಟ್ಟಡದ ಮೇಂಟೆನನ್ಸ್ ಬೇರೆ. ಒಂದೊಂದು ಹೆಸರು ಕೇಳಿದಾಗಲೂ "ಅಯ್ಯಯ್ಯ" ಅನ್ನುತ್ತಿದ್ದೆ, ಒಳಗೆ ಯಾರೋ ನನಗೆ ಬಡಿಸುತ್ತಿದ್ದ ಹಾಗೆ ಆಗುತ್ತಿತ್ತು. ಆ ಸಂಜೆ ಒಂದು ರೊಟ್ಟಿ ಹೆಚ್ಚಿಗೆ ಉಂಡೆ.

"ಇಷ್ಟೆಲ್ಲಾ ಕೊಡೂದಾದ್ರ ಮಾರಿಬಿಡ್ರಲಾ," ಅಂದೆ ಹೋಗುವಾಗ, ಸಹಜವಾಗಿ ಅಂದ ಹಾಗೆ.

"ಅಣ್ಣ ಕೂಡತಿದ್ದ ಕುರ್ಚಿ ಅಲ್ಲೇ ಅದ ರೀ," ಅಂದರು. "ಕೊಡೋಣಂತ. ಇರೂತನಕ ಕೊಡೋಣು."

ಮನೆ ಹೆಸರಿಗೆ ಬಂದ ಮೇಲೆ ಇಲ್ಲಿಯ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಮೊದಲ ಸಲ ತುಂಬುವ ಕಾಲ ಬಂತು. ಬೀಗರ ಹಳೆಯ ತೆರಿಗೆ ಸಲಹೆಗಾರರು ವಯಸ್ಸಾಗಿ ಕೆಲಸ ಬಿಟ್ಟಿದ್ದರು. ನಾನು ಅವರನ್ನು ನನ್ನ ಸಿಎ ಆಫೀಸಿಗೆ ಕರೆದುಕೊಂಡು ಹೋದೆ. ನನ್ನದೇನು ದೊಡ್ಡ ರಿಟರ್ನ್ ಅಲ್ಲ, ಬ್ಯಾಂಕಿನ ಠೇವಣಿಯ ಬಡ್ಡಿ ಅಷ್ಟೇ. ಆದರೂ ನನ್ನ ಸಿಎ ಎಂದು ತೋರಿಸುವ ಒಂದು ಠೀವಿ. ಅಲ್ಲಿ ಸಹಾಯಕಿ ಒಬ್ಬಳು ಕಂಪ್ಯೂಟರಿನ ಮುಂದೆ ಕೂತು ಬೀಗರ ವಿವರ ಬರೆದುಕೊಳ್ಳುತ್ತಿದ್ದಳು, ಮರಾಠಿ ಹುಡುಗಿ. ನಾವಿಬ್ಬರೂ ಕನ್ನಡದಲ್ಲಿ ಸ್ಪೇನಿನ ಸೆಕೆಯ ಬಗ್ಗೆ ಮಾತಾಡುತ್ತಿದ್ದೆವು. ಅವಳ ಕಿವಿಗೆ ಸ್ಪೇನ್, ಬಾಲ್ಕನಿ ಎಂಬ ಎರಡು ಶಬ್ದಗಳಷ್ಟೇ ಬಿದ್ದಿರಬೇಕು. ವಿದೇಶದಲ್ಲಿ ಆಸ್ತಿ ಏನಾದರೂ ಇದೆಯೇ ಕಾಕಾ, ಸ್ಪೇನ್ ಅನ್ನುತ್ತಿದ್ದೀರಲ್ಲ, ಅಲ್ಲಿಯ ಮನೆ ಯಾರದು, ಎಂದು ಮರಾಠಿಯಲ್ಲಿ ಕೇಳಿದಳು.

ಬೀಗರು ಅಂಗೈಯನ್ನು ನನ್ನ ಕಡೆಗೆ ಚಾಚಿ, "ಯಾಂಚಂಚ," ಅಂದರು. ಇವರದೇ. "ನಾವು ಬರೀ ಕೀಲಿಕೈ ಹಿಡಿದವರು," ಎಂದೂ ಮರಾಠಿಯಲ್ಲಿ ಸೇರಿಸಿದರು.

ಇದು ಸುಳ್ಳಲ್ಲ, ನಮ್ಮ ಕಡೆಯ ನಡವಳಿಕೆ. ಬೀಗರ ಎದುರಿಗೆ, ಹಿರಿಯರ ಎದುರಿಗೆ, ಈ ಮನೆ ಯಾರದು ಎಂದು ಯಾರಾದರೂ ಕೇಳಿದರೆ ನಂದು ಅನ್ನುವುದು ಒರಟುತನ. "ನಿಮ್ದ ರೀ," "ಇವರದ ರೀ," ಅನ್ನಬೇಕು. ಹೊಲಕ್ಕೂ ಅದೇ, ಹೊಸ ಗಾಡಿಗೂ ಅದೇ. ಯಾರಿಗೆ ಹಾಗೆ ಕೊಟ್ಟರೋ ಅವರು ಕೂಡಲೆ ಕೈ ಮುಗಿದು, "ಏ ಏ, ಅವರದ ರೀ, ನಾವು ಉಂಡು ಹೋಗವ್ರು," ಎಂದು ತಿರುಗಿ ಕೊಟ್ಟುಬಿಡಬೇಕು. ತಿರುಗಿ ಕೊಡುವುದು ಆ ಮಾತಿನ ಇನ್ನೊಂದು ಅರ್ಧ. ಅದು ಇಲ್ಲದೆ ಮೊದಲರ್ಧಕ್ಕೆ ಅರ್ಥವಿಲ್ಲ.

ಹುಡುಗಿ ನನ್ನ ಕಡೆಗೆ ನೋಡಿದಳು. ಅವಳ ಮುಖದಲ್ಲಿ ಒಂದು ಹೊಸ ಗೌರವ ಕಂಡಿತು. ಅಷ್ಟು ವರ್ಷಗಳಿಂದ ಬಡ್ಡಿಯ ಕಾಗದ ಹಿಡಿದು ಬರುವ ಮುದುಕನಿಗೆ ಸ್ಪೇನಿನಲ್ಲಿ ಮನೆ. ನಾನು ನಕ್ಕು ತಲೆ ಆಡಿಸಿದೆ. "ಹೋ, ಹೋ," ಅಂದೆ. ಮರಾಠಿಯಲ್ಲಿ ಹಾಗೆಂದರೆ ಹೌದು, ಹೌದು. ಅವಳು ಬೀಗರ ಪುಟದಲ್ಲಿ ಇಲ್ಲ ಎಂದು ಒತ್ತಿ ಮುಂದಕ್ಕೆ ಹೋದಳು. ಬೀಗರು ಚೇಷ್ಟೆ ಮುಗಿಯಿತೆಂದು ಕನ್ನಡಕ ಒರೆಸುತ್ತಿದ್ದರು. ಮನೆ ತೋರಿಸುವ ಪ್ರಶ್ನೆಗೇ ಉತ್ತರ ಹೋಗಿಬಿಟ್ಟಿತು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಬಾಡಿಗೆ ಬಾರದ ಮನೆಯನ್ನು ಇಲ್ಲಿ ತೋರಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಆಗ ನನಗೂ ಗೊತ್ತಿರಲಿಲ್ಲ. ಅಷ್ಟು ಮಟ್ಟಿಗೆ ನಾನು ನಿರಪರಾಧಿ, ಅಷ್ಟು ಮಟ್ಟಿಗೆ ಮಾತ್ರ.

ಗುಡಿಯವರೆಗೆ ಜೊತೆಗೆ ನಡೆದು ಬಂದೆವು. ಆ ದಾರಿಯುದ್ದಕ್ಕೂ ಆ ಮನೆ ನನ್ನದಾಗಿತ್ತು.

ಕೆಲವು ದಿನಗಳ ಮೇಲೆ ಆ ಹುಡುಗಿಯ ಫೋನ್ ಬಂತು. ಬೀಗರ ರಿಟರ್ನ್ ಹೋಗಿತ್ತು, ಈಗ ನನ್ನದನ್ನು ಹಿಡಿದಿದ್ದಳು. "ಕಾಕಾ, ನಿಮ್ಮ ಸ್ಪೇನಿನ ಮನೆಯ ಕಾಗದ ತಂದುಕೊಡಿ, ಅದನ್ನು ತೋರಿಸಬೇಕು," ಅಂದಳು.

ಆಗ ಹೇಳಬೇಕಾದದ್ದು ಒಂದೇ ಸಾಲು: ಆ ಮನೆ ನನ್ನದಲ್ಲ, ನಮ್ಮ ಬೀಗರದು, ಅವತ್ತು ಆಡಿದ್ದು ಉಪಚಾರದ ಮಾತು. ಸಾಲಿನ ಮೊದಲ ಅರ್ಧ ಬಾಯಿಗೆ ಬಂತು. ಬೀಗರದು ಅನ್ನುವ ಜಾಗದಲ್ಲಿ ನಾಲಿಗೆ ನಿಂತಿತು. ಅವಳ ಎದುರಿಗೆ ಆ ಮನೆಯನ್ನು ನನ್ನ ಬಾಯಿಂದಲೇ ಅವರ ಕೈಗೆ ಕೊಡಬೇಕಲ್ಲ ಅನ್ನಿಸಿತು. "ಅದು ಚೇಷ್ಟೆಯ ಮಾತು ಮಗಳ, ಮನೆ ಗಿನೆ ಏನೂ ಇಲ್ಲ. ರಜೆಗೆ ಹೋಗಿ ಉಳಿಯುವ ಜಾಗ, ಅಷ್ಟೇ," ಅಂದುಬಿಟ್ಟೆ.

"ಬದುಕಿದೆವು," ಅಂದಳು ಹುಡುಗಿ. "ನಾನು ನಿಮಗಾಗಿ ಹೆದರಿದ್ದೆ. ಇದ್ದರೆ ತೋರಿಸಲೇಬೇಕು ಕಾಕಾ. ಬಾಡಿಗೆ ಬರಲಿ ಬಿಡಲಿ, ತೆರಿಗೆ ಬೀಳಲಿ ಬಿಡಲಿ. ಮುಚ್ಚಿಟ್ಟರೆ ದಂಡವೇ ಹತ್ತು ಲಕ್ಷ. ಮರೆತವರು ಡಿಸೆಂಬರ್ ಮುಗಿಯುವುದರೊಳಗೆ ತಿದ್ದಿ ತುಂಬಬಹುದು, ಆಮೇಲೆ ಕಷ್ಟ."

ಫೋನ್ ಇಟ್ಟೆ. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಖುಷಿ. ಮನೆ ಗಿನೆ ಏನೂ ಇಲ್ಲ ಅಂದಾಗ ಆ ಮೂರನೆಯ ಮಹಡಿ, ಆ ಬಾಲ್ಕನಿ, ಸೊಪ್ಪು ಸೋಸುವ ಬೀಗತಿ, ಎಲ್ಲ ಸಮುದ್ರದೊಳಗೆ ಇಳಿದುಹೋದಂತೆ ಆಗಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಈಗ ಅವರು ಅಲ್ಲಿ ಎಷ್ಟೇ ಸುಖವಾಗಿ ಚಹಾ ಕುಡಿಯಲಿ, ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ.

ನಾಳೆ ಹೇಳಿದರಾಯಿತು ಅಂದುಕೊಂಡೆ. ಡಿಸೆಂಬರ್ ದೂರ ಇತ್ತು. ಗಣಪತಿ ಬಂದ, ಹೋದ. ದಸರೆಯಲ್ಲಿ ಬೀಗರು ಬನ್ನಿ ಕೊಡಲು ಬಂದು ನನ್ನ ಕಾಲು ಮುಟ್ಟಲು ಬಗ್ಗಿದರು, ನಾನು ಅವರಿಗಿಂತ ಆರೇ ತಿಂಗಳಿಗೆ ಹಿರಿಯ. ಅವತ್ತು ಹೇಳಬೇಕೆಂದಿದ್ದೆ. ಆದರೆ ಅವರು ಕೂತ ಕೂಡಲೆ, ಬರುವ ಬೇಸಿಗೆಗೆ ನೀವಿಬ್ಬರೂ ಬರಬೇಕು, ಅಣ್ಣನ ಕೋಣೆ ನಿಮಗೇ ಎಂದರು. ಕರೆಯುವ ಅಧಿಕಾರ ಅವರದು, ಹೋಗಿ ಬರುವ ಭಾಗ್ಯ ನಮ್ಮದು ಎಂದು ಎಲ್ಲೋ ಚುಚ್ಚಿತು. ಹೇಳಲಿಲ್ಲ.

ದೀಪಾವಳಿ ಕಳೆದು ಥಂಡಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಬೀಗರು ವಾಕಿಂಗ್ ಮುಗಿಸಿ ನೇರ ನಮ್ಮ ಮನೆಗೆ ಬಂದರು. ಕೊರಳಿಗೆ ಮಫ್ಲರ್, ಕೈಯಲ್ಲಿ ಫೋನ್.

"ಬೀಗರ, ಇದನ್ನೊಂದು ನೋಡ್ರಿ. ಇನ್‌ಕಮ್ ಟ್ಯಾಕ್ಸ್‌ದವರದು ಅಂತ ಬಂದದ. ಪರದೇಶದಾಗ ನಿಮ್ಮ ಆಸ್ತಿ ಇದ್ದಂಗ ಮಾಹಿತಿ ಅದ, ರಿಟರ್ನ್ ತಪಾಸ ಮಾಡಿ ತಿದ್ರಿ ಅಂತ ಬರದಾರ. ಫ್ರಾಡ್ ಇರಬೇಕಲ್ರೀ?"

ಓದಿದೆ. ಫ್ರಾಡ್ ಆಗಿರಲಿಲ್ಲ. ಹಣ ಕೇಳಿರಲಿಲ್ಲ, ಲಿಂಕ್ ಒತ್ತು ಎಂದಿರಲಿಲ್ಲ. ಡಿಸೆಂಬರ್ ಕೊನೆಯ ಗಡುವನ್ನೂ ಅದರಲ್ಲಿ ಬರೆದಿದ್ದರು. ಹುಡುಗಿ ಹೇಳಿದ್ದೇ.

ನಮ್ಮ ಸೊಸೈಟಿಯಲ್ಲಿ ಆ ವರ್ಷ ಒಬ್ಬ ವಿಧವೆಯ ದುಡ್ಡು ಇಂಥದೇ ಒಂದು ಸುಳ್ಳು ಸಂದೇಶದಿಂದ ಹೋಗಿತ್ತು. ಆಮೇಲೆ ಲಿಫ್ಟಿನೊಳಗೆ, ಯಾವ ಸಂದೇಶವನ್ನೂ ನಂಬಬೇಡಿ ಎಂದು ನೋಟೀಸು ಅಂಟಿಸಿದವನು ನಾನು. ಬೀಗರು ಅದನ್ನು ಓದಿಕೊಂಡೇ ಮೇಲೆ ಬಂದಿದ್ದರು.

"ಫ್ರಾಡೇ ರೀ," ಅಂದೆ. "ಇಂಥಾವು ದಿನಾ ಬರ್ತಾವ. ಅಳಿಸಿಬಿಡ್ರಿ."

"ನನಗ ಅಳಿಸಾಕ ಬರೂದಿಲ್ಲ, ನೀವ ಅಳಿಸ್ರಿ."

ಅವರ ಫೋನಿನಲ್ಲಿ, ನನ್ನ ಬೆರಳಿನಿಂದ ಅದನ್ನು ಅಳಿಸಿದೆ. ನನ್ನಾಕೆ ಚಹಾ ತಂದಳು. ಬೀಗರು ಊದಿ ಊದಿ ಕುಡಿದು, "ನೀವು ಇದ್ದೀರಿ ಅಂತ ನನಗೊಂದು ಧೈರ್ಯ," ಅಂದು ಹೋದರು.

ಅವರು ಅಷ್ಟಕ್ಕೆ ಸುಮ್ಮನಾಗಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಗಡುವು ದಾಟಿಸಿಬಿಡುತ್ತಿದ್ದೆ ಅಂತಲೇ ನನ್ನ ಭಯ. ಆದರೆ ಬೀಗರು ಅದನ್ನು ಊರೆಲ್ಲ ಹೇಳಿದರು. ನಮ್ಮ ಬೀಗರು ನನ್ನನ್ನು ದೊಡ್ಡ ಮೋಸದಿಂದ ಉಳಿಸಿದರು ಎಂದು ವಾಕಿಂಗ್ ಗೆಳೆಯರಿಗೆ ಹೇಳಿದರು, ಗಿರಣಿಯವನಿಗೆ ಹೇಳಿದರು. ಗಿರಣಿಯವನು ನನ್ನ ಜೋಳದ ಚೀಲ ಮೊದಲು ಹಾಕಿದ. ಕೊನೆಗೆ ಒಂದು ರವಿವಾರ ಮಗಳು ಬಂದಳು, ಡಬ್ಬಿಯಲ್ಲಿ ಶೇಂಗಾದ ಹೋಳಿಗೆ ಹಿಡಿದುಕೊಂಡು.

"ಅಪ್ಪಾ, ಮಾವನವರು ನಿನ್ನ ಬಗ್ಗೆ ಏನ್ ಹೇಳ್ತಾರ ಗೊತ್ತದ ಏನು? ನಮ್ಮ ಅವರಿಗೆ ಹೇಳ್ಳಿಕ್ಕತ್ತಿದ್ರು, ಸಾಲಿ ಕಲಿಯೂದಕ್ಕಿಂತ ಶ್ಯಾಣ್ಯಾತನ ಬ್ಯಾರೆ, ನಿಮ್ಮ ಮಾವನ್ನ ನೋಡಿ ಕಲಿ ಅಂತ. ಹಿಂಜವಾಡಿಯೊಳಗ ಕಂಪ್ಯೂಟರ್ ಬಡಿಯವ್ರಿಗೆ ಇದು ತಿಳಿಯೂದಿಲ್ಲ ಅಂತ." ಅವಳು ನಗುತ್ತಿದ್ದಳು. ಮದುವೆಯಾದಾಗಿನಿಂದ ಆ ಮನೆಯಲ್ಲಿ ನನ್ನ ಅಪ್ಪ ಎಂದು ಅವಳು ತಲೆಯೆತ್ತಿ ಹೇಳಿದ್ದು ಅದೇ ಮೊದಲೋ ಏನೋ, ನನಗೆ ಹಾಗೆ ಕಂಡಿತು.

ಅವಳು ಹೋದ ಮೇಲೆ ಹೋಳಿಗೆಯ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತೆ. ತಿನ್ನಲಾಗಲಿಲ್ಲ. ಇವಳ ಮನೆಯಿಂದ ಹತ್ತು ಲಕ್ಷ ಕಿತ್ತುಕೊಳ್ಳುವ ಕೆಲಸ ಮಾಡಿ ಇವಳ ಕೈಯ ಹೋಳಿಗೆ ತಿನ್ನುವುದು ಹೇಗೆ. ನನ್ನಾಕೆಯನ್ನು ಕರೆದು ಎಲ್ಲ ಹೇಳಿದೆ. ಸಿಎ ಆಫೀಸು, ಫೋನು, ಅಳಿಸಿದ್ದು. ಅವಳು ಬಯ್ಯುತ್ತಾಳೆ ಎಂದು ಕಾದೆ. ಡಬ್ಬಿಯ ಮುಚ್ಚಳ ಹಾಕಿ, "ಚಪ್ಪಲಿ ಹಾಕ್ಕೊಳ್ರಿ," ಅಂದಳು.

"ಈಗ?"

"ಮತ್ಯಾವಾಗ? ಜನವರಿಯೊಳಗ?"

ಬೀಗರ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಅಳಿಯ ಹೊರಗೆ ಹೋಗಿದ್ದ. ನನ್ನಾಕೆ ಬೀಗತಿಯ ಜೊತೆ ಒಳಗೆ ಹೋದಳು, ಬೇಕೆಂದೇ ಹೋದಳು. ಮಗಳು ಅಡುಗೆಮನೆಯಲ್ಲಿದ್ದಳು. ಬೀಗರು ಕಿಡಕಿಯ ಹತ್ತಿರ ಉಗುರು ಕತ್ತರಿಸಿಕೊಳ್ಳುತ್ತ ಕೂತಿದ್ದರು. ನನ್ನನ್ನು ಕಂಡು ಏಳಲು ಹೋದರು. ಕೂಡ್ರಿ ಎಂದೆ. ನಾನು ಕೂಡಲಿಲ್ಲ.

"ಬೀಗರ, ಆ ಮೆಸೇಜ್ ಖರೇ ಇತ್ತು," ಅಂದೆ. "ನನಗ ಗೊತ್ತಿತ್ತು. ಅದಕ್ಕಿಂತ ಮೊದಲಿಂದನೂ ಗೊತ್ತಿತ್ತು." ಸಿಎ ಆಫೀಸಿನ ಹುಡುಗಿ ಫೋನಿನಲ್ಲಿ ಹೇಳಿದ್ದನ್ನು, ನಾನು ಅವಳಿಗೆ ಹೇಳಿದ್ದನ್ನು, ಶಬ್ದಕ್ಕೆ ಶಬ್ದ ಹೇಳಿದೆ. ದಂಡ ಎಷ್ಟು ಎಂದೂ ಹೇಳಿದೆ.

ಅವರು ಉಗುರುಗಳನ್ನು ಪೇಪರಿನಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟರು.

"ನೀವು ಮರತದ್ದಲ್ಲ," ಅಂದರು ಆಮೇಲೆ.

"ಅಲ್ಲ."

"ತಿಳಿಲಾರದ್ದಲ್ಲ."

"ಅಲ್ಲ ರೀ."

"ಮತ್ಯಾಕ?"

ಹೊಟ್ಟೆಕಿಚ್ಚು ಎಂಬ ಶಬ್ದವನ್ನು ಆ ವಯಸ್ಸಿನಲ್ಲಿ, ಮಗಳ ಮಾವನ ಎದುರಿಗೆ ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. "ನಿಮಗ ಸಮುದ್ರ ಸಿಕ್ಕಿತು," ಅಂದೆ. "ನನಗ ತಡ್ಕೊಳ್ಳಾಕ ಆಗಲಿಲ್ಲ."

"ಸಮುದ್ರ ಸಿಗಲಿಲ್ಲ ರೀ ನನಗ," ಅಂದರು ಬೀಗರು. ದನಿ ಏರಿರಲಿಲ್ಲ. "ಅಣ್ಣ ಹೋದ. ನೀವು ಬರೇ ಬಾಲ್ಕನಿ ನೋಡಿದ್ರಿ." ಉಗುರು ಕತ್ತರಿಯನ್ನು ಮಡಿಚಿಟ್ಟು, "ಮಂದಿ ಮುಂದ ಎಲ್ಲಾ ನಿಮ್ಮನ್ನ ಹೊಗಳಕೋತ ಅಡ್ಡಾಡಿದೆ ನಾನು. ಆಗ ಏನ್ ಅನಸ್ತಿತ್ತು ನಿಮಗ? ನಗು ಬರ್ತಿತ್ತೇನು?" ಅಂದರು.

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅಷ್ಟರಲ್ಲಿ ಮಗಳು ಚಹಾದ ತಾಟು ಹಿಡಿದು ಒಳಗೆ ಬಂದಳು. ನಾನು ನಿಂತಿರುವುದನ್ನು ನೋಡಿ, ಏನಾಯಿತು ಎಂಬಂತೆ ಇಬ್ಬರ ಮುಖವನ್ನೂ ನೋಡಿದಳು. ಈ ಮನುಷ್ಯ ಈಗ ಒಂದು ಮಾತು ಆಡಿದರೆ ಸಾಕು, ನಾನು ಅವಳ ಕಣ್ಣಿನಲ್ಲಿ ಮುಗಿದೆ.

"ಏನಿಲ್ಲವ್ವಾ," ಅಂದರು ಬೀಗರು, ಒಂದು ಕಪ್ಪು ತೆಗೆದು ನನ್ನ ಕೈಗೆ ಕೊಡುತ್ತ. "ರಿಟರ್ನ್‌ನಾಗ ಒಂದು ತಿದ್ದೂದು ಉಳಿದದ ಅಂತ, ನಿಮ್ಮಪ್ಪ ನೆನಪ ಮಾಡ್ಲಿಕ್ಕೆ ಬಂದಾರ. ನನಗ ಎಲ್ಲಿ ನೆನಪಿರ್ತದ."

ಮರುದಿನ ಇಬ್ಬರೂ ಸಿಎ ಹತ್ತಿರ ಹೋದೆವು. ಅವರ ಕಾರಿನಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಬರ್ರಿ ಎಂದು ಅವರು ಅನ್ನಲಿಲ್ಲ. ಆಫೀಸಿನಲ್ಲಿ ಆ ಹುಡುಗಿಗೆ ನಾನೇ ಎಲ್ಲ ಬಿಡಿಸಿ ಹೇಳಿದೆ. ಅವಳು ನನ್ನ ಮುಖ ನೋಡದೆ ಸಾಹೇಬರನ್ನು ಕರೆದಳು. ಸಿಎ ಕಾಗದ ನೋಡಿದರು. ಪುಣೆಯದೊಂದು, ಸ್ಪೇನಿನದೊಂದು, ಒಟ್ಟು ಎರಡೇ ಮನೆ, ಎರಡೂ ಸ್ವಂತಕ್ಕೆ, ಆದ್ದರಿಂದ ಇಲ್ಲಿ ಈ ಮನೆಗೆ ತೆರಿಗೆ ಏನೂ ಇಲ್ಲ, ಇದೆ ಎಂದು ಹೇಳಿದರೆ ಮುಗಿಯಿತು ಅಂದರು. ಗಡುವಿನ ಒಳಗೆ ಬಂದಿದ್ದೀರಿ, ಚಿಂತೆ ಬೇಡ ಎಂದೂ ಅಂದರು. ವಿಳಾಸ, ಯಾವಾಗ ಹೆಸರಿಗೆ ಬಂತು, ಬೆಲೆ ಏನು, ಇಷ್ಟನ್ನು ಬೀಗರು ಹೇಳುತ್ತ ಹೋದರು, ಹುಡುಗಿ ಬರೆಯುತ್ತ ಹೋದಳು. ತಿದ್ದಿದ ರಿಟರ್ನ್ ಹೋಯಿತು. ನಾನು ತಿಂಗಳುಗಟ್ಟಲೆ ಕೈಯಲ್ಲಿ ಬೆಂಕಿ ಹಿಡಿದುಕೊಂಡಿದ್ದ ವಿಷಯ ಚಹಾ ಬರುವುದರೊಳಗೆ ಮುಗಿದುಹೋಯಿತು.

ತಿರುಗಿ ಬರುವಾಗ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ, ಹಿಂದಕ್ಕೆ ತಿರುಗದೆಯೇ ಬೀಗರು ಹೇಳಿದರು: "ನಿಮ್ಮ ಮಗಳಿಗೆ ಹೇಳಬ್ಯಾಡ್ರಿ. ಅಪ್ಪ ಅಂದ್ರ ಭಾಳ ಅಭಿಮಾನ ಅದ ಆಕಿಗೆ."

ಇಳಿದೆ. ಕೈ ಮುಗಿದೆ. ಕಾರು ಹೋಯಿತು.

ಈಗಲೂ ನಮ್ಮಲ್ಲಿ ಹೋಗುವುದು ಬರುವುದು ಇದೆ. ಹಬ್ಬಕ್ಕೆ ಬರುತ್ತಾರೆ, ಬೀಗತಿಯ ಜೊತೆಗೆ. ವಾಕಿಂಗ್ ಮುಗಿಸಿ ಒಬ್ಬರೇ ಬರುವುದು ನಿಂತಿದೆ. ಬೇಸಿಗೆಗೆ ಸ್ಪೇನಿಗೆ ಹೋಗಿ ಬಂದರು. ನಮ್ಮನ್ನು ಕರೆಯಲಿಲ್ಲ, ಕರೆಯಬೇಕೆಂದು ನಾನು ಹೇಳುವುದೂ ಇಲ್ಲ. ಗುಂಪಿಗೆ ಚಿತ್ರ ಬಂದವು. ಅಣ್ಣನ ಕುರ್ಚಿಗೆ ಹೊಸ ಬಟ್ಟೆ ಹೊಲಿಸಿದ್ದಾರೆ. ಬಾಲ್ಕನಿಯಲ್ಲಿ ತುಳಸಿ ನೆಟ್ಟಿದ್ದಾರೆ. ನೋಡಿದೆ. ಉರಿಯಿತು. ಸುಳ್ಳು ಯಾಕೆ ಹೇಳಲಿ, ಈಗಲೂ ಉರಿಯಿತು, ಮೊದಲಿನಷ್ಟಲ್ಲ. ಅದಕ್ಕಿಂತ ಹೆಚ್ಚು ಉರಿಸುವುದು ಇನ್ನೊಂದು ಇದೆ. ಅವತ್ತು ಮಗಳು ತಾಟು ಹಿಡಿದು ನಿಂತಾಗ ಬೀಗರು ಆಡಿದ ಮಾತು. ಅವರ ಜಾಗದಲ್ಲಿ ನಾನಿದ್ದರೆ ಅದನ್ನು ಆಡುತ್ತಿರಲಿಲ್ಲ. ಸಮುದ್ರವಾದರೂ ಅಣ್ಣನಿಂದ ಬಂದದ್ದು ಎಂದು ಸಮಾಧಾನ ಮಾಡಿಕೊಳ್ಳಬಹುದು. ಆ ಮಾತು ಅವರಿಗೆ ಯಾರಿಂದಲೂ ಬಂದದ್ದಲ್ಲ.

ಮಗಳು ಈಗಲೂ ನಾಲ್ಕು ಜನರ ಎದುರಿಗೆ ನಮ್ಮಪ್ಪ ಮಾವನವರನ್ನು ಫ್ರಾಡ್‌ನಿಂದ ಉಳಿಸಿದರು ಎಂದು ಹೇಳುತ್ತಾಳೆ. ಬೀಗರು ಪಕ್ಕದಲ್ಲಿದ್ದರೆ ಹೂಂ ಅನ್ನುತ್ತಾರೆ. ಆ ಹೂಂ ಕೇಳಿಕೊಂಡು ಇನ್ನೆಷ್ಟು ದಿನ ಕೂಡಲಿ. ಅವರು ಹೇಳಬೇಡಿ ಎಂದದ್ದು ನನ್ನ ಮಾನಕ್ಕಾಗಿ. ನನ್ನ ಮಾನದ ವಿಷಯದಲ್ಲಿ ಅವರ ಮಾತು ಮೀರುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನನ್ನ ಮಗಳು ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಓದಲು ನಾನೇ ಮನೆಯಲ್ಲಿ ಕಲಿಸಿದ್ದು. ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸುತ್ತ ಓದುತ್ತಾಳೆ. ಈ ಹಾಳೆಗಳು ಮುಗಿಯಲು ಅವಳಿಗೆ ಬಹಳ ಹೊತ್ತು ಬೇಕು. ರವಿವಾರ ಬಂದಾಗ ಅವಳ ಕೈಗೆ ಇವನ್ನು ಕೊಡುವವನಿದ್ದೇನೆ. ಕೊಟ್ಟು ಒಳಗೆ ಹೋಗಿ ಮಲಗಿಬಿಡೋಣ ಎಂದು ಮನಸ್ಸು ಹೇಳುತ್ತದೆ. ಹೋಗುವುದಿಲ್ಲ. ಅವಳು ಕೊನೆಯ ಅಕ್ಷರ ಕೂಡಿಸಿ ತಲೆ ಎತ್ತುವವರೆಗೂ ಎದುರಿಗೇ ಕೂತಿರುತ್ತೇನೆ.